ಬೆಂಕಿಗೆ ಆಹುತಿಯಾದ ಚರ್ಚುಗಳು, ಪೈಪ್ ಆರ್ಗನ್‌ಗಳು

ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ಇಂದು ಕಾಣುವ ರೂಪ ಅದರ ಮೂಲರೂಪವಲ್ಲ. 1808ರಲ್ಲಿ ಆರಂಭಗೊಂಡು 1812ರಲ್ಲಿ ಪೂರ್ಣವಾದ ದಂಡು ಪ್ರದೇಶದ ಈ ಚರ್ಚು, 1816ರಲ್ಲಿ ಕಲ್ಕತ್ತಾ ಬಿಷಪ್ಪರಿಂದ ಪ್ರತಿಷ್ಠಾಪನೆಗೊಂಡಿತ್ತು. 1923ರ ಬೆಂಕಿ ಅದನ್ನು ಸುಟ್ಟು ಹಾಕಿತು. ಮರುನಿರ್ಮಾಣ ಮುಗಿದದ್ದು 1927ರಲ್ಲಿ.

ಗೋಡೆಗಳನ್ನು ಮತ್ತೆ ಕಟ್ಟಬಹುದು. ಆದರೆ ಪೈಪ್ ಆರ್ಗನ್ ಸುಟ್ಟರೆ ಅದರ ದನಿ ಮರಳುವುದಿಲ್ಲ. ಗಾಳಿಪೆಟ್ಟಿಗೆ ಮರದ್ದು, ತಿದಿ ಚರ್ಮದ್ದು. ಹೆಚ್ಚಿನ ಕೊಳವೆಗಳು ತವರ ಮತ್ತು ಸೀಸದ ಮಿಶ್ರಲೋಹದವು. ತವರ 232, ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತವೆ. ಇವೆರಡರ ಮಿಶ್ರಣ ಇನ್ನೂ ಕಡಿಮೆ ಶಾಖದಲ್ಲೇ ಮೆತ್ತಗಾಗತೊಡಗುತ್ತದೆ. ಜ್ವಾಲೆ ತಾಗದಿದ್ದರೂ ಮಸಿ ಹಾಗೂ ಬೆಂಕಿ ನಂದಿಸಲು ಸುರಿದ ನೀರು ಸಾಕಷ್ಟು ಹಾನಿ ಮಾಡುತ್ತವೆ.

ಫ್ರಾನ್ಸಿನ ನಾಂತ್ ಕೆಥೆಡ್ರಲ್‌ನದು ವಿಚಿತ್ರ ಕಥೆ. 1972ರಲ್ಲಿ ಅದರ ಮರದ ಮಾಡು ಹೊತ್ತಿ ಉರಿದಾಗ 17ನೇ ಶತಮಾನದ ಆರ್ಗನ್ ಉಳಿದುಕೊಂಡಿತು. ಬಳಿಕ ಮಾಡಿಗೆ ಕಾಂಕ್ರೀಟ್ ಬಳಸಲಾಯಿತು. 2020ರ ಜುಲೈ 18ರಂದು ಮತ್ತೆ ಬೆಂಕಿ ಬಿದ್ದಾಗ ಮಾಡು ಉಳಿಯಿತು, ಆರ್ಗನ್ ನಾಶವಾಯಿತು. ಅದು ಆಕಸ್ಮಿಕವೂ ಆಗಿರಲಿಲ್ಲ. ಚರ್ಚಿನ ಸ್ವಯಂಸೇವಕನೊಬ್ಬನೇ ತಪ್ಪೊಪ್ಪಿಕೊಂಡ.

ಪ್ಯಾರಿಸ್ಸಿನ ನೋತ್ರ್ ದಾಮ್‌ನಲ್ಲಿ 2019ರ ಏಪ್ರಿಲ್ 15ರಂದು ಮಾಡು ಕುಸಿದರೂ ಸುಮಾರು 8,000 ಕೊಳವೆಗಳ ದೊಡ್ಡ ಆರ್ಗನ್ ಸುಡಲಿಲ್ಲ. ಅದರ ಮೇಲೆಲ್ಲ ಸೀಸದ ಧೂಳು ಕೂತಿತ್ತು. ಕೊಳವೆಗಳನ್ನು ಬಿಚ್ಚಿ, ತೊಳೆದು, ಮರಳಿ ಜೋಡಿಸಿ ಶ್ರುತಿಗೊಳಿಸಲಾಯಿತು. 2024ರ ಡಿಸೆಂಬರ್ 7ರಂದು ಅದು ಮತ್ತೆ ನುಡಿಯಿತು.