ಪರಕೀಯರ ಕಣ್ಣಿನಲ್ಲಿ ವಯನಾಡು

ವಯನಾಡಿನ ಪನಮರಂ ಎಂಬ ಊರ ಹೆಸರಿಗೆ ತಾಳೆಮರವೆಂದು ಅರ್ಥ. ಆ ಊರಿನ ಹೊಳೆಯು ಮಾನಂತವಾಡಿಯ ಹೊಳೆಯನ್ನು ಕೂಡಿ, ಕಬಿನಿಯೆನಿಸಿಕೊಂಡು ಕನ್ನಡನಾಡಿಗೆ ಇಳಿದು ಬರುತ್ತದೆ. ಕಬಿನಿಯನ್ನು ಬಲ್ಲ ನಮಗೆ ಅದು ಹುಟ್ಟುವ ಸೀಮೆಯ ಚರಿತ್ರೆ ಮಾತ್ರ ಅಷ್ಟಾಗಿ ತಿಳಿಯದು. ಇನ್ನೂರು ವರ್ಷಗಳ ಹಿಂದೆ ಅಲ್ಲಿಯ ಜನರ ನಡೆನುಡಿ, ಮಡಿಮೈಲಿಗೆ, ಸ್ವಾಮಿನಿಷ್ಠೆಗಳು ಹೇಗಿದ್ದುವೆಂಬುದನ್ನು ಬರೆದಿಟ್ಟವರಲ್ಲಿ ಮುಖ್ಯರಾದವರು ಅವರನ್ನು ಅಡಗಿಸಲು ಬಂದ ಇಂಗ್ಲಿಷರೇ. ಆ ಬರಹಗಳನ್ನು ಓದುವ ಬಗೆಯನ್ನು ಕುರಿತು ಕೆಲವು ಮಾತುಗಳನ್ನು ಈ ಸಂಚಿಕೆಯ ಓದುಗರ ಮುಂದಿಡಬಯಸುತ್ತೇವೆ.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ವಯನಾಡು ತಮ್ಮದೆಂದು ಕಂಪನಿಯವರು ಸಾಧಿಸಿದರು. ತನ್ನದೆಂದು ಉತ್ತರ ಮಲಬಾರಿನ ಪಳಶ್ಶಿ ರಾಜ ಕೇರಳವರ್ಮನು ಎದುರು ನಿಂತನು. ಮುಂದಿನ ವೃತ್ತಾಂತವನ್ನು ಮಲಬಾರಿನ ಕಲೆಕ್ಟರನಾಗಿದ್ದ ವಿಲಿಯಂ ಲೋಗನ್ 1887ರ ತನ್ನ 'ಮಲಬಾರ್' ಗ್ರಂಥದಲ್ಲಿ ಹೇಳಿದ್ದಾನೆ. ಕಂಪನಿಯ ಕೋಲ್ಕಾರನೊಬ್ಬನು ಕುರಿಚ್ಯನೊಬ್ಬನನ್ನು ಭತ್ತಕ್ಕಾಗಿ ಪೀಡಿಸಲು, ಅಲ್ಲಿದ್ದ ಎಡಚ್ಚೇನ ಕುಂಕನು ಎದ್ದು ಅವನನ್ನು ಕೊಂದನು. 1802ರ ಅಕ್ಟೋಬರ್ 11ರಂದು ಕುಂಕನೂ ತಲಕ್ಕಲ್ ಚಂದುವೂ ಸುಮಾರು 150 ಮಂದಿ ಕುರಿಚ್ಯ ಬಿಲ್ಲುಗಾರರೊಡನೆ ಪನಮರಂ ಠಾಣ್ಯದ ಮೇಲೆ ಬಿದ್ದರು. ಕ್ಯಾಪ್ಟನ್ ಡಿಕಿನ್ಸನ್ ಮತ್ತು ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್ ಹತರಾದರು. 70 ಮಂದಿಯ ಕಾವಲುಪಡೆ ನಾಶವಾಯಿತು. 112 ಬಂದೂಕುಗಳು, ಆರು ಪೆಟ್ಟಿಗೆ ಮದ್ದುಗುಂಡು, 6,000 ರೂಪಾಯಿಗಳು ದಾಳಿಕಾರರ ಪಾಲಾದುವು. ಕೆಲವೇ ಮೈಲಿಗಳಾಚೆ ಪುಳಿಂಜಾಲಿನಲ್ಲಿ 360 ಮಂದಿಯ ಇನ್ನೊಂದು ಪಡೆಯಿದ್ದಿತು. ಅದು ಒದಗಲಿಲ್ಲ.

ಇಷ್ಟು ಯುದ್ಧದ ಲೆಕ್ಕ. ನಮಗೆ ಇದಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಉಪಕಲೆಕ್ಟರ್ ಬೇಬರನ ವರದಿ. 1805ರ ನವೆಂಬರ್ 30ರಂದು ಪುಲ್ಪಳ್ಳಿಯ ಕಾಡಿನಲ್ಲಿ ರಾಜನನ್ನು ಸುತ್ತುವರಿದವನು ಇವನೇ. ಬೇಬರನ ಕಡೆಯ ಮೇನೋನನೊಬ್ಬನು ಅಡ್ಡಗಟ್ಟಿದಾಗ, ಸಾವಿನ ಗಳಿಗೆಯಲ್ಲಿದ್ದ ರಾಜನು, ಹತ್ತಿರ ಬಂದು ಮೈಲಿಗೆ ಮಾಡಬೇಡವೆಂದು ಅಪ್ಪಣೆಯ ದನಿಯಲ್ಲಿ ಕೂಗಿದನಂತೆ. ಬೇಬರನು ಇದನ್ನು ಮೂಢಾಚಾರವೆಂದು ಜರೆಯಲಿಲ್ಲ; ಅಸಾಧಾರಣ ಪುರುಷನೊಬ್ಬನ ಗುಣಕ್ಕೆ ನಿದರ್ಶನವೆಂದು ಬರೆದನು. ಶವವನ್ನು ತನ್ನ ಪಲ್ಲಕ್ಕಿಯಲ್ಲೇ ಇರಿಸಿ, ಮಾನಂತವಾಡಿಗೆ ಕಳುಹಿಸಿ, ಬ್ರಾಹ್ಮಣರನ್ನು ಕರೆಸಿ ಸಂಪ್ರದಾಯದಂತೆ ಅಂತ್ಯಕ್ರಿಯೆ ನಡೆಸಲು ಆಜ್ಞಾಪಿಸಿದನು. ಜನರು ರಾಜನಲ್ಲಿಟ್ಟಿದ್ದ ಗೌರವವು ಪೂಜ್ಯಭಾವಕ್ಕೆ ಸಮೀಪವಾದುದು, ಸಾವೂ ಅದನ್ನು ಅಳಿಸಲಾರದು ಎಂದು ಒಪ್ಪಿಕೊಂಡವನೂ ಅವನೇ. ಬೇಟೆಗಾರನು ಬೇಟೆಯನ್ನು ಹೊಗಳುವುದರಲ್ಲಿ ತನ್ನ ಹೊಗಳಿಕೆಯೂ ಸೇರಿರುತ್ತದೆ, ನಿಜ. ಆದರೂ ಈ ಮಾತು ಅವನ ಉದ್ದೇಶಕ್ಕೆ ವಿರುದ್ಧವಾದ ಸಾಕ್ಷ್ಯವಾದುದರಿಂದ ನಾವು ಅದನ್ನು ನಂಬುತ್ತೇವೆ.

1878ರಲ್ಲಿ ಜಪಾನಿನ ಒಳನಾಡನ್ನು ಸುತ್ತಿದ ಇಸಬೆಲ್ಲಾ ಬರ್ಡ್ ಎಂಬ ಆಂಗ್ಲ ಮಹಿಳೆಯು ಇಟೋ ಎಂಬ ದುಭಾಷಿಯ ಮೂಲಕ ಅಲ್ಲಿಯ ಆಚಾರಗಳನ್ನು ಅರಿತಳು. ಆಕೆಗಿದ್ದುದು ಪ್ರವಾಸಿಯ ಕುತೂಹಲ. ಬೆನ್ನ ಹಿಂದೆ ಪಡೆಯಿರಲಿಲ್ಲ. ವಯನಾಡಿಗೆ ಬಂದವರಾದರೋ ಆಚಾರವನ್ನು ಬಂಡಾಯದ ಜೊತೆಯಲ್ಲಿಯೇ ಕಂಡರು. ಅವರು ಕಾಡುಜನರೆಂದು ಕರೆದ ಕುರಿಚ್ಯರು ಹೊರಗಿನವರ ಸ್ಪರ್ಶವನ್ನೇ ಮೈಲಿಗೆಯೆಂದು ಎಣಿಸುತ್ತಿದ್ದರು. ಯಾರು ಯಾರನ್ನು ಕೀಳೆಂದು ಭಾವಿಸಿದ್ದರೆಂಬ ಪ್ರಶ್ನೆಗೆ ವರದಿಗಳಲ್ಲಿ ಒಂದು ಪಕ್ಷದ ಉತ್ತರ ಮಾತ್ರ ಸಿಗುತ್ತದೆ.

ಕನ್ನಡಿಗರ ಗುರುತೂ ಹೀಗೆಯೇ ಮಸುಕಾಯಿತು. ಬೇಬರನ ಬರಹದಲ್ಲಿ ಚೆಟ್ಟಿಗಳ ಜೊತೆಗೆ ಬರುವ 'ಗೌಂಡ'ರು ನಮ್ಮ 'ಗೌಡ' ಶಬ್ದದವರೇ ಎಂದು ನಮಗೆ ತೋರುತ್ತದೆ; ವಯನಾಡಿನಲ್ಲಿ ಕನ್ನಡವಾಡುವ ಜೈನ ಗೌಡರು ಇಂದಿಗೂ ಇದ್ದಾರೆ. ಅವರ ಬಸದಿಯಿದ್ದ ಊರೊಂದಕ್ಕೆ ಹನ್ನೆರಡು ಬೀದಿ ಎಂಬ ಹೆಸರಿದ್ದಿತು. ಟಿಪ್ಪುವು ಆ ಬಸದಿಯನ್ನು ಮದ್ದಿನಮನೆಯಾಗಿ ಬಳಸಿದನು. ಇಂಗ್ಲಿಷರ ಬಾಯಲ್ಲಿ ಊರು ಸುಲ್ತಾನನ ಬ್ಯಾಟರಿಯಾಯಿತು. ಸುಲ್ತಾನ್ ಬತ್ತೇರಿ ಎಂದು ಬಸ್ಸಿನ ಫಲಕದಲ್ಲಿ ಓದುವಾಗ ಅಚ್ಚಗನ್ನಡದ ಆ ಹಳೆಯ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಾದೀತು?

ತಲಕ್ಕಲ್ ಚಂದುವು 1805ರ ನವೆಂಬರಿನಲ್ಲಿ ಸೆರೆಸಿಕ್ಕಿ ವಧೆಗೊಳಗಾದನು. ತಾನು ಕಂಡುದನ್ನು ಬರೆದಿಡಲು ಅವನಿಗೆ ಗುಮಾಸ್ತರಿರಲಿಲ್ಲ. ಪನಮರಂನ ಹಳೆಯ ಕೋಟೆಯ ತಾಣದಲ್ಲಿ ಈಗ ಅವನ ಸ್ಮಾರಕವಿದೆ. ಹತ್ತಿರದಲ್ಲೇ ಒಂದು ಕೋಲಿಮರ ನಿಂತಿದೆ.