ದಾವೀದನೂ ದಾವೂದನೂ

ನಮ್ಮ ಚಿತ್ರದುರ್ಗ ಸೀಮೆಯ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಪೇಟೆಗಳಲ್ಲಿ ದಾವೂದ, ಸುಲೇಮಾನ, ಯೂಸುಫ ಎಂಬ ಹೆಸರುಗಳು ಎಲ್ಲರ ಕಿವಿಗೂ ಪರಿಚಿತವಾದುವು. ಕ್ರೈಸ್ತರಲ್ಲಿ ಇವೇ ದಾವೀದ, ಸೊಲೊಮೋನ, ಯೋಸೇಫ ಎಂದಾಗುವುವು. ನೆರೆಯ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಪಾದ್ರಿಯ ಪರಿಶ್ರಮದಿಂದ 1831ರ ವೇಳೆಗೆ ಸಮಗ್ರ ಬೈಬಲು ಕನ್ನಡವಾಯಿತು. ಇಂದಿನ ಕನ್ನಡ ಬೈಬಲೂ ಕುರಾನಿನ ಕನ್ನಡಾನುವಾದವೂ 'ಪ್ರವಾದಿ' ಎಂಬ ಒಂದೇ ಶಬ್ದವನ್ನು ಬಳಸುವುದರಿಂದ, ಎರಡರಲ್ಲಿಯೂ ಆ ಪದವಿ ಒಂದೇ ಎಂದು ವಾಚಕರು ಭಾವಿಸುವುದು ಸಹಜವೇ. ಆದರೆ ವಸ್ತುಸ್ಥಿತಿ ಹಾಗಿಲ್ಲ.

ದಾವೀದನನ್ನೇ ನೋಡೋಣ. ಬೈಬಲಿನಲ್ಲಿ ಅವನು ಅರಸ. ಅವನೆದುರು ನಿಲ್ಲುವ ಪ್ರವಾದಿ ನಾತಾನನೆಂಬ ಬೇರೊಬ್ಬನು. ಅರಸನು ಊರೀಯನ ಪತ್ನಿಯನ್ನು ಕೂಡಿ, ಆ ಯೋಧನನ್ನು ರಣಮುಖದಲ್ಲಿ ಕೊಲ್ಲಿಸಿದಾಗ, ನಾತಾನನು ಬಡವನ ಒಂದೇ ಕುರಿಮರಿಯನ್ನು ಸಿರಿವಂತನು ಕಸಿದುಕೊಂಡ ಕತೆಯನ್ನು ಹೇಳಿ, ಆ ಸಿರಿವಂತನು ನೀನೇ ಎಂದು ಮುಖಕ್ಕೆ ನುಡಿಯುವನು. ಕುರಾನಿನಲ್ಲಾದರೋ ದಾವೂದನು ತಾನೇ ಪ್ರವಾದಿ, ಜಬೂರ್ ಗ್ರಂಥವನ್ನು ಪಡೆದವನು. ಅಲ್ಲಿಯೂ 38ನೆಯ ಅಧ್ಯಾಯದಲ್ಲಿ ಕುರಿ ಬರುತ್ತದೆ! ಗೋಡೆಯನ್ನೇರಿ ಬಂದ ಇಬ್ಬರು ವ್ಯಾಜ್ಯಗಾರರಲ್ಲಿ ಒಬ್ಬನಿಗೆ 99 ಕುರಿ, ಇನ್ನೊಬ್ಬನಿಗೆ ಒಂದೇ ಒಂದು. ತೀರ್ಪು ಹೇಳಿದ ದಾವೂದನು ಇದು ತನಗೆ ಬಂದ ಪರೀಕ್ಷೆಯೆಂದರಿತು, ಕ್ಷಮೆ ಬೇಡಿ ಬಾಗಿಬೀಳುವನು. ಊರೀಯನ ಸುದ್ದಿಯೇ ಇಲ್ಲ. ಮುಂದೆ ತಬರಿಯಂತಹ ವ್ಯಾಖ್ಯಾನಕಾರರು ಆ ಕತೆಯನ್ನು ಇಲ್ಲಿಗೆ ತಂದರು. 1373ರಲ್ಲಿ ತೀರಿಕೊಂಡ ಇಬ್ನ್ ಕಸೀರನು ಅದನ್ನು ಒಪ್ಪಲಿಲ್ಲ.

ನೋಹನದು ಇನ್ನೊಂದು ಬಗೆ. ಬೈಬಲಿನಲ್ಲಿ ಅವನ ಆಯುಸ್ಸು 950 ವರ್ಷ. ಪ್ರಳಯಕ್ಕೆ ಮುಂಚೆ ಅವನಾಡಿದ ಒಂದು ಮಾತೂ ಆದಿಕಾಂಡದಲ್ಲಿಲ್ಲ. ಕುರಾನಿನ ನೂಹನು ಅದೇ 950 ವರ್ಷ ತನ್ನ ಜನರ ನಡುವೆ ಇದ್ದು ಬೋಧಿಸಿ, ಅವರ ಪರಿಹಾಸಕ್ಕೆ ಗುರಿಯಾದವನು. ಬಂಗಾರದ ಕರುವನ್ನು ಬೈಬಲಿನಲ್ಲಿ ಆರೋನನೇ ಮಾಡಿಸಿದರೆ, ಕುರಾನಿನಲ್ಲಿ ಅದು ಸಾಮಿರಿಯ ಕೆಲಸ; ಹಾರೂನನು ತಡೆಯಲು ಹೋದವನು.

1854ರಲ್ಲಿ ಆಗ್ರಾದಲ್ಲಿ ಪ್ಫಾಂಡರ್ ಪಾದ್ರಿಗೂ ಮೌಲಾನಾ ರಹಮತುಲ್ಲಾ ಕೈರಾನವಿಗೂ ನಡೆದ ಪ್ರಸಿದ್ಧ ವಾದದಲ್ಲಿ ಬೈಬಲಿನ ಪಾಠ ಕೆಟ್ಟಿದೆಯೆ ಎಂಬುದೇ ಮುಖ್ಯ ಪ್ರಶ್ನೆಯಾಗಿತ್ತು. ಪ್ರವಾದಿಗಳಿಗೆ ಕಳಂಕ ಹಚ್ಚಿದರೆಂದು ಒಂದು ಪಕ್ಷ, ಇದ್ದುದನ್ನು ಮರೆಸಿದರೆಂದು ಇನ್ನೊಂದು ಪಕ್ಷ ದೂರುವುದು ಇಂದಿಗೂ ಉಂಟು. ಗ್ರಂಥಗಳು ಹುಟ್ಟಿದ ಸಂದರ್ಭವನ್ನು ಇಬ್ಬರೂ ಮರೆತಂತಿದೆ. ಸಮುವೇಲ ಮತ್ತು ಅರಸುಗಳ ಚರಿತ್ರೆಗಳು ಕ್ರಿ.ಪೂ. ಆರನೆಯ ಶತಮಾನದಲ್ಲಿ ಯೆರೂಸಲೇಮು ಹಾಳಾದ ಬಳಿಕ ಪೂರ್ಣರೂಪ ತಳೆದುವೆಂದು ಬಹುಮಂದಿ ಪಂಡಿತರ ಮತ. ರಾಜ್ಯವೇಕೆ ಅಳಿಯಿತೆಂದು ಕೇಳಿಕೊಂಡವರು ಅರಸರ ಪಾಪವನ್ನು ಮುಚ್ಚಿಡುವುದೆಂತು? ಕುರಾನು ಸುಮಾರು 610ರಿಂದ 632ರವರೆಗೆ, ಮೊದಲು ಮಕ್ಕಾದಲ್ಲಿ ಮುಹಮ್ಮದರು ಹಾಸ್ಯಕ್ಕೊಳಗಾಗಿದ್ದಾಗ, ಬಳಿಕ ಮದೀನದಲ್ಲಿ ಪ್ರಕಟವಾಯಿತು. ಪೂರ್ವದ ಪ್ರವಾದಿಗಳ ಕತೆಯನ್ನು ಅವರ ಮನಸ್ಸಿನ ಸ್ಥೈರ್ಯಕ್ಕಾಗಿ ಹೇಳಿದೆಯೆಂದು 11ನೆಯ ಅಧ್ಯಾಯದಲ್ಲಿಯೇ ಇದೆ.

ಹಾಗೆಂದು ಕುರಾನಿನ ಪ್ರವಾದಿಗಳು ಎಡವದವರೇನಲ್ಲ. ಅವರು ಪಾಪರಹಿತರೆಂಬ ಸಿದ್ಧಾಂತವನ್ನು ಬೆಳೆಸಿದವರು ತರುವಾಯದ ಶಾಸ್ತ್ರಕಾರರು. ಮೋಶೆಯು ಈಜಿಪ್ಟಿನವನೊಬ್ಬನನ್ನು ಕೊಂದುದನ್ನು ಎರಡು ಗ್ರಂಥಗಳೂ ಹೇಳುತ್ತವೆ. ಬೈಬಲಿನಲ್ಲಿ ಅವನು ಅತ್ತಿತ್ತ ನೋಡಿ, ಕೊಂದು, ಹೆಣವನ್ನು ಮರಳಿನಲ್ಲಿ ಹೂಳುವನು. ಕುರಾನಿನ ಮೂಸಾ ಒಂದೇ ಗುದ್ದು ಗುದ್ದಿ, ಆ ಕ್ಷಣವೇ ದೇವರಲ್ಲಿ ಕ್ಷಮೆ ಯಾಚಿಸುವನು.