ಕಂಡದ್ದು ಯಾರಿಗೆ ಗೊತ್ತು? ಯುದ್ಧದಾಟಗಳಲ್ಲಿ ಮರೆ ಮತ್ತು ಪತ್ತೆಯ ಚರಿತ್ರೆ

ಚದುರಂಗದಲ್ಲಿ ಅಡಗಲು ಜಾಗವಿಲ್ಲ. ಎದುರಾಳಿಯ ಮನಸ್ಸಿನಲ್ಲೇನಿದೆಯೋ ತಿಳಿಯದು, ಅವನ ಆನೆ ಯಾವ ಮನೆಯಲ್ಲಿದೆ ಎಂಬುದು ಮಾತ್ರ ಇಬ್ಬರ ಕಣ್ಣೆದುರಿಗೇ ಇರುತ್ತದೆ. ಭಾರತದಿಂದ ಹೊರಟ ಈ ಆಟ ಯುರೋಪಿನಲ್ಲಿ ಸೇನಾ ಶಿಕ್ಷಣದ ಸಾಧನವಾಗತೊಡಗಿದಾಗಲೂ ಆ ಗುಣ ಕಳೆದುಕೊಳ್ಳಲಿಲ್ಲ. 1780ರಲ್ಲಿ ಬ್ರೌನ್‌ಶ್ವೈಗ್‌ನ ಜೊಹಾನ್ ಹೆಲ್ವಿಗ್ ಹಲಗೆಯನ್ನು ಹಿಗ್ಗಿಸಿ ಸಾವಿರದ ಆರುನೂರಕ್ಕೂ ಹೆಚ್ಚು ಮನೆಗಳನ್ನು ಮಾಡಿದ, ನೆಲದ ಬಗೆಗೊಂದು ಬಣ್ಣ ಕೊಟ್ಟ. ಆದರೂ ಅವನ ಕಾಡಿನಲ್ಲಿ ನಿಂತ ದಳ ಬಯಲಿನಲ್ಲಿ ನಿಂತದ್ದರಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು.

ಮುಂದಿನ ಎರಡು ಶತಮಾನಗಳ ಕಥೆಯನ್ನು ಮರೆಮಾಡುವ ಉಪಾಯಗಳ ಕಥೆಯಾಗಿ ಹೇಳಿಬಿಡಬಹುದು. ಅದು ಅರ್ಧ ಮಾತ್ರ. ಕಾಯಿಯನ್ನು ಅಡಗಿಸಲು ಒಂದು ಪರದೆ ಸಾಕು. ಅಡಗಿದ್ದನ್ನು ಯಾರು ಕಂಡರು, ಕಂಡವರಿಂದ ಸುದ್ದಿ ಯಾರಿಗೆ ಮುಟ್ಟಿತು, ಅದರ ಲೆಕ್ಕ ಯಾರು ಇಡಬೇಕು ಎಂಬುದೇ ನಿಜವಾದ ತೊಡಕು.

ಅದಕ್ಕೆ ಮೊದಲ ಗಟ್ಟಿ ಉತ್ತರ ಪ್ರಶ್ಯದಿಂದ ಬಂತು. ತಂದೆ ರೈಸ್‌ವಿಟ್ಸ್ 1812ರಲ್ಲಿ ದೊರೆಗೆ ಒಪ್ಪಿಸಿದ ಆಟವನ್ನು ಫಿರಂಗಿದಳದ ಅಧಿಕಾರಿಯಾಗಿದ್ದ ಮಗ ತಿದ್ದಿ, 1824ರಲ್ಲಿ 'ಕ್ರೀಗ್ಸ್‌ಷ್ಪೀಲ್' ನಿಯಮಗಳನ್ನು ಅಚ್ಚು ಹಾಕಿಸಿದ. ಚೌಕದ ಮನೆಗಳು ಹೋಗಿ 1:8000 ಅಳತೆಯ ನಿಜವಾದ ನಕ್ಷೆ ಬಂತು. ಅದಕ್ಕಿಂತ ದೊಡ್ಡ ಬದಲಾವಣೆಯೆಂದರೆ ನಡುವೆ ಬಂದು ನಿಂತ ಅಂಪೈರ್. ಆಟಗಾರ ಆಜ್ಞೆಯನ್ನು ಬರೆದುಕೊಡಬೇಕು, ಕಾಯಿ ನಡೆಸುವುದು ಅಂಪೈರ್ ಕೆಲಸ. ಶತ್ರುವಿನ ಕಣ್ಣಿಗೆ ಬೀಳುವ ತನಕ ದಳ ನಕ್ಷೆಯ ಮೇಲೆ ಬರುವುದಿಲ್ಲ. ಮುಂಚೂಣಿಯ ಕುದುರೆ ಸವಾರ ಗುಡ್ಡದಾಚೆ ಏನನ್ನೋ ಕಂಡರೆ, ಆ ವರದಿ ಸೇನಾಪತಿಗೆ ತಲುಪಲು ಎಷ್ಟು ಹೊತ್ತು ಬೇಕೆಂದು ಅಂಪೈರ್ ಎಣಿಸಿ ತಡೆಹಿಡಿಯಬಹುದಿತ್ತು. ಸೇನೆಯ ಜನರಲ್ ಸ್ಟಾಫ್ ಮುಖ್ಯಸ್ಥ ಮ್ಯೂಫ್ಲಿಂಗ್ ಮೆಚ್ಚಿದ, ದಳಗಳಿಗೆಲ್ಲ ಆಟದ ಪೆಟ್ಟಿಗೆ ಹೋಯಿತು. ಯುದ್ಧವನ್ನು ಮಂಜಿಗೆ ಹೋಲಿಸಿದ ಕ್ಲಾಸ್ವಿಟ್ಸ್‌ನ ಗ್ರಂಥ ಹೊರಬಂದದ್ದು ಇದಾಗಿ ಎಂಟು ವರ್ಷಕ್ಕೆ, 1832ರಲ್ಲಿ. ಅಂದರೆ ಪ್ರಶ್ಯದ ಅಧಿಕಾರಿಗಳು ಆ ಮಂಜಿನಲ್ಲಿ ಆಗಲೇ ತಡಕಾಡಿ ಅಭ್ಯಾಸ ಮಾಡಿದ್ದರು.

ಇದರ ದೋಷ ಖರ್ಚಿನದು. ಒಳ್ಳೆಯ ಅಂಪೈರ್ ಎಲ್ಲೆಡೆ ಸಿಗುವುದಿಲ್ಲ, ಸಿಕ್ಕರೂ ಅವನು ಆಡುವಂತಿಲ್ಲ. ಹಾಗಾಗಿ ಮನೆಯಾಟಗಳು ಬೇರೆ ದಾರಿ ಹಿಡಿದವು. ಫ್ರಾನ್ಸಿನ ಎರ್ಮಾನ್ಸ್ ಎದಾಂ ಎಂಬಾಕೆ 1908ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ 'ಲಾತಾಕ್' ಆಟದಲ್ಲಿ ಕಾಯಿ ಎಲ್ಲಿದೆ ಎಂಬುದು ಬಯಲು, ಯಾವ ಕಾಯಿ ಎಂಬುದು ಗುಟ್ಟು. ಮುಂದೆ 'ಸ್ಟ್ರಾಟೆಗೊ' ಎಂದು ಜಗತ್ತಿಗೆ ಪರಿಚಯವಾದದ್ದು ಇದರದೇ ಸಂತಾನ. ಎಚ್. ಜಿ. ವೆಲ್ಸ್ 1913ರ 'ಲಿಟಲ್ ವಾರ್ಸ್'ನಲ್ಲಿ ಸೈನಿಕರನ್ನು ಜೋಡಿಸುವಾಗ ನಡುವೆ ಪರದೆ ಎಳೆಯುವುದಕ್ಕೆ ತೃಪ್ತನಾದ. ಪರದೆ ಸರಿದ ಮೇಲೆ ಎಲ್ಲವೂ ಎಲ್ಲರಿಗೂ ಕಾಣುತ್ತದೆ.

ಅಂಪೈರ್ ಪದ್ಧತಿ ತನ್ನ ಉತ್ತುಂಗ ಮುಟ್ಟಿದ್ದು ನಿಜವಾದ ಯುದ್ಧದ ನಡುವೆ. 1942ರ ಆರಂಭದಲ್ಲಿ ಲಿವರ್‌ಪೂಲ್‌ನ ಡರ್ಬಿ ಹೌಸ್‌ನಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ನೇತೃತ್ವದಲ್ಲಿ ಒಂದು ತರಬೇತಿ ಘಟಕ ತೆರೆಯಿತು. ನೆಲವೇ ಅಟ್ಲಾಂಟಿಕ್ ಸಾಗರ, ಬಹುಪಾಲು ಕೆಲಸಗಾರರು ನೌಕಾಪಡೆಯ ಮಹಿಳಾ ವಿಭಾಗದ ಯುವತಿಯರು. ಹಡಗುಗಳ ಜಾಡನ್ನು ಬಿಳಿ ಸೀಮೆಸುಣ್ಣದಲ್ಲಿ, ಜರ್ಮನ್ ಜಲಾಂತರ್ಗಾಮಿಯದನ್ನು ಹಸಿರಿನಲ್ಲಿ ಎಳೆಯುತ್ತಿದ್ದರು. ಬೆಂಗಾವಲು ಹಡಗಿನ ಅಧಿಕಾರಿಗಳು ಕ್ಯಾನ್ವಾಸ್ ಪರದೆಯ ಹಿಂದೆ ನಿಂತು ಸಣ್ಣ ಕಿಂಡಿಯಲ್ಲಿ ಇಣುಕಬೇಕು; ಅಲ್ಲಿಂದ ಹಸಿರು ಗೆರೆ ಕಾಣದಂತೆ ಏರ್ಪಾಡಾಗಿತ್ತು. ಶತ್ರು ಹೊರಗಿನಿಂದಲ್ಲ, ಹಿಂಬದಿಯಿಂದ ಸರಕು ಹಡಗುಗಳ ಸಾಲಿನೊಳಕ್ಕೇ ನುಸುಳಿ ಹೊಡೆಯುತ್ತಿರಬೇಕೆಂಬ ತೀರ್ಮಾನಕ್ಕೆ ರಾಬರ್ಟ್ಸ್ ತಂಡ ಬಂದದ್ದು ಇದೇ ನೆಲದ ಮೇಲೆ. ಅದಕ್ಕೆ ಪ್ರತಿಯಾಗಿ ರೂಪಿಸಿದ ತಂತ್ರಕ್ಕೆ 'ರಾಸ್‌ಬೆರಿ' ಎಂದು ಹೆಸರಿಟ್ಟರು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 5,000 ಅಧಿಕಾರಿಗಳು ಇಲ್ಲಿ ಪಾಠ ಕಲಿತಿದ್ದರು. ಯುದ್ಧದಾಟದಿಂದ ಪ್ರಯೋಜನವೇನು ಎಂದು ಮೂಗು ಮುರಿಯುವವರಿಗೆ ಇದೊಂದೇ ಉದಾಹರಣೆ ಸಾಕು.

ಯುದ್ಧಾನಂತರ ಅಮೆರಿಕದಲ್ಲಿ ಹಬ್ಬಿದ ರಟ್ಟಿನ ಬಿಲ್ಲೆಯ ಆಟಗಳಿಗೆ ಅಂಪೈರ್ ಇರಲಿಲ್ಲ. ಬಿಲ್ಲೆಗಳೆಲ್ಲ ನಕ್ಷೆಯ ಮೇಲೆ ಬಯಲಾಗಿಯೇ ಬಿದ್ದಿರುತ್ತಿದ್ದವು. ಕಂಡರೂ ಕಾಣದಂತೆ ನಟಿಸಲು ನಿಯಮ ಬೇಕಾಯಿತು. ಜೇಮ್ಸ್ ಡನಿಗನ್ ರಚಿಸಿ 1970ರಲ್ಲಿ ಆವಲಾನ್ ಹಿಲ್ ಪ್ರಕಟಿಸಿದ 'ಪ್ಯಾಂಜರ್‌ಬ್ಲಿಟ್ಸ್' ಹೇಳಿದ್ದು ಇಷ್ಟು: ಕಾಡಿನಲ್ಲೋ ಊರಿನಲ್ಲೋ ಇರುವ ದಳಕ್ಕೆ ಗುಂಡು ಹಾರಿಸಬೇಕಾದರೆ ನಿಮ್ಮದೊಂದು ದಳ ಅದರ ಪಕ್ಕದ ಮನೆಯಲ್ಲಿರಬೇಕು. ಓದಲು ಸರಿಯಾಗಿಯೇ ಇದೆ. ಆದರೆ ಗುಂಡು ಹಾರಿಸುವ ಅವಕಾಶ ಅವರವರ ಸರದಿಯಲ್ಲಿ ಮಾತ್ರ. ಹಾಗಾಗಿ ಟ್ಯಾಂಕ್‌ಗಳು ತಮ್ಮ ಸರದಿಯಲ್ಲಿ ಒಂದು ಕಾಡಿನಿಂದ ಹೊರಟು, ಶತ್ರುವಿನ ಫಿರಂಗಿಗಳ ಮೂತಿಯೆದುರೇ ಬಯಲು ದಾಟಿ, ಇನ್ನೊಂದು ಕಾಡು ಸೇರಿ ಮಾಯವಾಗುತ್ತಿದ್ದವು. ಆಟಗಾರರು ಇದನ್ನು 'ಪ್ಯಾಂಜರ್‌ಬುಷ್' ಎಂದು ಗೇಲಿ ಮಾಡಿದರು. ಇಲ್ಲಿ ಮರೆಯ ನಿಯಮದಲ್ಲಿ ತಪ್ಪಿರಲಿಲ್ಲ. ನೋಡುವುದು ಒಂದು ಕ್ಷಣದ ಕೆಲಸವಲ್ಲ, ನಿರಂತರ ಕೆಲಸ ಎಂಬುದನ್ನು ಸರದಿಯ ವ್ಯವಸ್ಥೆ ಮರೆತಿತ್ತು. 1974ರ 'ಪ್ಯಾಂಜರ್ ಲೀಡರ್' ಎದುರಾಳಿ ಚಲಿಸುತ್ತಿರುವಾಗಲೇ ಗುಂಡು ಹಾರಿಸುವ ನಿಯಮವನ್ನು ತಂದದ್ದು ಈ ಕಾರಣಕ್ಕೆ.

ಕೆನಡಾದ ಗಾಮಾ ಟೂ ಸಂಸ್ಥೆ 1972ರ 'ಕ್ವಿಬೆಕ್ 1759'ರಲ್ಲಿ ಮರದ ತುಂಡುಗಳನ್ನು ಇಸ್ಪೀಟಿನ ಎಲೆ ಹಿಡಿದಂತೆ ಮುಖ ಅವುಗಳ ಒಡೆಯನಾದ ಆಟಗಾರನ ಕಡೆ ಮಾಡಿ ನಿಲ್ಲಿಸಿತು. ಅಗ್ಗದ, ಅಂದವಾದ ಪರಿಹಾರ. 1985ರ 'ಅಡ್ವಾನ್ಸ್ಡ್ ಸ್ಕ್ವಾಡ್ ಲೀಡರ್' ಪ್ರಶ್ನಾರ್ಥಕ ಚಿಹ್ನೆಯ ಬಿಲ್ಲೆಗಳನ್ನು ಹೊದಿಸಿತು, ಬರೀ ಸುಳ್ಳು ಬಿಲ್ಲೆಗಳನ್ನೂ ಸೇರಿಸಿತು, ಪೂರ್ತಿ ಅಡಗಿದ ತುಕಡಿಯ ಜಾಗವನ್ನು ಚೀಟಿಯಲ್ಲಿ ಬರೆದಿಡಲು ಹೇಳಿತು. ಅದರ ನಿಯಮ ಪುಸ್ತಕದ ದಪ್ಪ ನೋಡಿದವರಿಗೆ ಅಂಪೈರ್ ಇಲ್ಲದಿರುವುದರ ಬೆಲೆ ತಿಳಿಯುತ್ತದೆ.

ಕಂಪ್ಯೂಟರ್ ಬಂದಾಗ ಸಮಸ್ಯೆ ತೀರಿತೆಂದೇ ತೋರಿತು. ವಾಲ್ಟರ್ ಬ್ರೈಟ್ 1977ರಲ್ಲಿ ಬರೆದ 'ಎಂಪೈರ್' ಕಾಣದ ಪ್ರದೇಶವನ್ನು ತೋರಿಸುತ್ತಲೇ ಇರಲಿಲ್ಲ. ಯಂತ್ರಕ್ಕೆ ದಣಿವಿಲ್ಲ, ಪಕ್ಷಪಾತವಿಲ್ಲ. ಆದರೂ 2000ದಲ್ಲಿ ಬಂದ 'ಕಾಂಬ್ಯಾಟ್ ಮಿಷನ್' ಹಳೆಯ ತೊಡಕನ್ನೇ ಹೊತ್ತು ತಂದಿತು: ಪೊದೆಯಲ್ಲಿ ಅಡಗಿದ ಒಬ್ಬ ಕಾಲಾಳು ಶತ್ರು ಟ್ಯಾಂಕನ್ನು ಕಂಡರೆ, ಆ ಗಳಿಗೆಯಲ್ಲೇ ಪಡೆಗೆಲ್ಲ ಅದು ಕಂಡಂತೆ. 'ಸ್ಟಾರ್ ಟ್ರೆಕ್'ನ ಒಂದೇ ಮನಸ್ಸಿನ ಜೀವಿಗಳನ್ನು ನೆನೆದು ಆಟಗಾರರು ಇದನ್ನು 'ಬೋರ್ಗ್' ನೋಟವೆಂದು ಕರೆದರು. 2007ರ 'ಶಾಕ್ ಫೋರ್ಸ್' ಪ್ರತಿ ತುಕಡಿಗೂ ಅದರದೇ ಕಣ್ಣು ಕೊಟ್ಟಿತು. ಒಂದಕ್ಕೆ ಕಂಡದ್ದು ಇನ್ನೊಂದಕ್ಕೆ ತಾನಾಗಿ ಕಾಣದು.

ಒಬ್ಬನ ವಿಷಯದಲ್ಲಿ ಮಾತ್ರ ಆ ತಿದ್ದುಪಡಿ ಸೋತಿತು. ಪರದೆಯ ಮುಂದೆ ಕೂತ ಆಟಗಾರ ತನ್ನ ಎಲ್ಲ ತುಕಡಿಗಳ ಕಣ್ಣಿನಿಂದಲೂ ಒಟ್ಟಿಗೇ ನೋಡುತ್ತಾನೆ, ಟ್ಯಾಂಕಿಗೆ ಕಾಣದ ಶತ್ರುವಿನತ್ತ ಟ್ಯಾಂಕನ್ನು ಅಟ್ಟುತ್ತಾನೆ. ತನ್ನದೇ ಸವಾರ ಕಂಡದ್ದನ್ನು ತನ್ನದೇ ಸೇನಾಪತಿಯಿಂದ ಸ್ವಲ್ಪ ಹೊತ್ತು ಮುಚ್ಚಿಡುವ ವಿದ್ಯೆಯಲ್ಲಿ 1824ರ ಅಂಪೈರ್ ಈ ಯಂತ್ರಕ್ಕಿಂತ ಮುಂದಿದ್ದ.